ಏಳುನೂರು ಪುಸ್ತಕಗಳ ಹಟ್ಟಿ

ಇ-ರೀಡರಿನಲ್ಲಿ ಎಷ್ಟು ಪುಸ್ತಕ ಇಟ್ಟುಕೊಳ್ಳಬೇಕು ಎಂದು ಈಗ ಯಾರಾದರೂ ಕೇಳಿದರೆ ತಡವರಿಸದೆ ಉತ್ತರ ಕೊಡುತ್ತೇನೆ. ಆ ಉತ್ತರ ನನ್ನದಲ್ಲ. ಓದಲು ಬಾರದ ನಮ್ಮಪ್ಪನದು, ಏಳನೇ ತರಗತಿಗೆ ಶಾಲೆ ಬಿಟ್ಟ ನಮ್ಮಕ್ಕನದು. ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಏಕೆಂದರೆ ನಮ್ಮ ಮನೆಯಲ್ಲಿ ಓದಿದವಳು ಎಂದರೆ ನಾನೊಬ್ಬಳೇ ಆಗಿದ್ದೆ, ಆ ಜಂಬ ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ.

ನಮ್ಮ ತವರು ಕರ್ನಾಟಕದ ಗಡಿಯಾಚೆ, ಮಕ್ತಲದ ಕಡೆಯ ಒಂದು ಹಳ್ಳಿ. ಕುರಿ ಕಾಯುವ ಮನೆತನ. ಮನೆಯಲ್ಲಿ ಕನ್ನಡ ಆಡುತ್ತಿದ್ದೆವು, ಬಸ್ಸು ಹತ್ತಿದರೆ ತೆಲುಗು, ಕಂದಾಯದ ಕಾಗದ ಹಿಡಿದರೆ ಅರ್ಧ ಉರ್ದು. ಇದರಲ್ಲಿ ಯಾವುದೂ ನಮಗೆ ತೊಡಕು ಅನ್ನಿಸಿದ್ದಿಲ್ಲ. ತೊಡಕು ಇದ್ದದ್ದು ಕನ್ನಡ ಪುಸ್ತಕ ಸಿಗುವುದರಲ್ಲಿ. ನಾನು ಓದಿದ ಶಾಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು, ಅದರ ಗಾಜಿನ ಹಿಂದೆ ಕನ್ನಡ ಪುಸ್ತಕಗಳು ಬೆನ್ನು ತೋರಿಸಿ ನಿಂತಿದ್ದವು. ಬೀಗದ ಕೈ ಮಾತ್ರ ಯಾವಾಗಲೂ ರಜೆಯ ಮೇಲಿರುವ ಮೇಷ್ಟರ ಹತ್ತಿರ ಇರುತ್ತಿತ್ತು. ಐದು ವರ್ಷ ಆ ಬೆನ್ನುಗಳ ಮೇಲಿನ ಹೆಸರು ಓದಿಯೇ ನಾನು ದೊಡ್ಡವಳಾದೆ.

ಹೀಗೆ ಹಸಿದವಳ ಕೈಗೆ ಇ-ರೀಡರ್ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ, ನಾರಾಯಣಪೇಟೆಯಲ್ಲಿ ಕಚೇರಿಯ ಕೆಲಸಕ್ಕಿದ್ದಾಗ ಅದನ್ನು ಕೊಂಡೆ. ಪುಕ್ಕಟೆ ಸಿಕ್ಕಿದ್ದನ್ನು, ಗೆಳತಿಯರು ಕಳಿಸಿದ್ದನ್ನು, ಯಾರೋ ಎಲ್ಲೋ ಇಟ್ಟದ್ದನ್ನು ಬಾಚಿ ಬಾಚಿ ತುಂಬಿದೆ. ನೂರಾಯಿತು, ಮುನ್ನೂರಾಯಿತು, ಏಳುನೂರು ದಾಟಿತು. ಊಟದ ಬಿಡುವಿನಲ್ಲಿ ಅದನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದೆ. ಎಷ್ಟು ಪುಸ್ತಕ ಇದಾವಮ್ಮ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ, ಕೇಳಿದರೆ ಬಾಯಿ ತುಂಬ ಏಳುನೂರು ಎನ್ನುತ್ತಿದ್ದೆ. ಎಷ್ಟು ಓದಿದಿರಿ ಎಂದು ಒಬ್ಬರೂ ಕೇಳಲಿಲ್ಲ, ನನ್ನ ಪುಣ್ಯ. ಕೇಳಿದ್ದರೆ ಹನ್ನೊಂದು ಎನ್ನಬೇಕಾಗುತ್ತಿತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಕೊಟ್ಟಿದ್ದು ಗಟ್ಟುವಿನ ಹತ್ತಿರದ ಹಳ್ಳಿಗೆ. ಓದಿನಲ್ಲಿ ಅವಳು ನನಗಿಂತ ಚುರುಕು ಎಂದು ಅವ್ವ ಈಗಲೂ ಹೇಳುತ್ತಾಳೆ. ಆದರೆ ಅವಳು ಏಳನೆಯದರಲ್ಲಿದ್ದಾಗ ಮರಿಗಳನ್ನು ನೋಡಿಕೊಳ್ಳಲು ಆಳು ಇಲ್ಲವೆಂದು ಅಪ್ಪ ಶಾಲೆ ಬಿಡಿಸಿದ. ಆರು ವರ್ಷ ಅವಳು ಕುರಿಗಳ ಹಿಂದೆ ಹೋದಳು, ಆ ಆರು ವರ್ಷದಿಂದಲೇ ನಾನು ನಿಶ್ಚಿಂತೆಯಾಗಿ ಶಾಲೆಗೆ ಹೋದೆ. ನಾನು ಓದಿದ್ದರಲ್ಲಿ ಅರ್ಧ ಅವಳ ಪಾಲಿನ ಓದು. ಇದನ್ನು ಅವಳು ಒಮ್ಮೆಯೂ ಆಡಿ ತೋರಿಸಿದ್ದಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಗುತ್ತಿತ್ತು.

ಆ ಹಳ್ಳಿಯ ಅಂಗನವಾಡಿಯಲ್ಲಿ ಅಕ್ಕ ಆಯಾ ಆಗಿ ಇಪ್ಪತ್ತು ವರ್ಷದ ಹತ್ತಿರ ಹತ್ತಿರ ದುಡಿದಿದ್ದಳು. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡಿಗೆ, ಕಸ, ಮುಸುರೆ. ಅಲ್ಲಿಯ ಟೀಚರಮ್ಮನಿಗೆ ಮಂಡಿನೋವು ಶುರುವಾದ ಮೇಲೆ ಹಾಡು, ಕತೆ, ಅಕ್ಷರ ಎಲ್ಲವೂ ಅಕ್ಕನ ಪಾಲಿಗೇ ಬಂದಿದ್ದವು. ಟೀಚರಮ್ಮ ಬರುವ ವರ್ಷ ನಿವೃತ್ತಿಯಾಗುವವರಿದ್ದರು. ಹತ್ತನೇ ತರಗತಿ ಪಾಸಾಗಿದ್ದರೆ ಆಯಾಗೇ ಆ ಜಾಗ ಸಿಗುತ್ತದೆ, ಆದರೆ ವಯಸ್ಸಿನ ಮಿತಿ ಇದೆ, ಅಕ್ಕನಿಗೆ ಅದು ದಾಟಲು ಒಂದೇ ವರ್ಷ ಉಳಿದಿದೆ ಎಂದು ತಪಾಸಣೆಗೆ ಬಂದ ಮೇಲಿನ ಮೇಡಮ್ಮು ಲೆಕ್ಕ ಹಾಕಿ ಹೇಳಿಹೋದರು. ಪಾಸಾಗದಿದ್ದರೆ ಹೊರಗಿನಿಂದ ಯಾರೋ ಬರುತ್ತಾರೆ. ಅಕ್ಕ ಕೊನೆಯವರೆಗೂ ಅವರ ಕೈಕೆಳಗೆ ಮುಸುರೆ ತಿಕ್ಕಿಕೊಂಡಿರಬೇಕು.

ಅಕ್ಕ ಮನೆಯಲ್ಲೇ ಓದಿ ಕಟ್ಟುವ ಹತ್ತನೆಯ ಪರೀಕ್ಷೆಗೆ ಹೆಸರು ಬರೆಸಿದಳು. ಐದು ವಿಷಯ, ಕನ್ನಡ ಮಾಧ್ಯಮ. ಅಚ್ಚಾದ ಪುಸ್ತಕ ಸಿಕ್ಕಿದ್ದು ಎರಡೇ, ಅವುಗಳ ಅಕ್ಷರ ಅವಳ ಕನ್ನಡಕಕ್ಕೆ ಸಿಗುತ್ತಿರಲಿಲ್ಲ. ಆಗ ನನಗೆ ನನ್ನ ದೊಡ್ಡತನ ತೋರಿಸಲು ಒಳ್ಳೆಯ ಅವಕಾಶ ಬಂತು. ಪರಿಚಯದ ಕನ್ನಡ ಮೇಷ್ಟರೊಬ್ಬರಿಂದ ಐದೂ ಪಾಠಪುಸ್ತಕ ಪಡೆದು ಇ-ರೀಡರಿಗೆ ಹಾಕಿದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವುದನ್ನು ಕಲಿಸಿ ಅವಳ ಕೈಗೆ ಕೊಟ್ಟೆ. ಏಳುನೂರನ್ನು ತೆಗೆಯಲು ಮನಸ್ಸು ಬರಲಿಲ್ಲ. ಇರಲಿ, ಪಾಠ ಬೇಸರವಾದಾಗ ಕತೆ ಓದಲಿ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ನೋಡಲು ಸ್ಲೇಟಿನ ಹಾಗಿದೆ ಎಂದು ಅಕ್ಕ ಅದಕ್ಕೆ ಪಾಟಿ ಎಂದು ಹೆಸರಿಟ್ಟಳು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ಬೇಸಿಗೆಯಲ್ಲಿ ಪರೀಕ್ಷೆ ಆಯಿತು. ಕನ್ನಡ ಮತ್ತು ತೆಲುಗು ಪಾಸು. ಲೆಕ್ಕ, ವಿಜ್ಞಾನ, ಸಮಾಜ ಮೂರೂ ಹೋದವು. ಫೋನಿನಲ್ಲಿ ಅಕ್ಕ, ತನ್ನ ತಲೆಗೆ ಹತ್ತುವುದಿಲ್ಲ ಎಂದಳು ಅಷ್ಟೆ. ಉಳಿದ ಮೂರಕ್ಕೆ ಆರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇತ್ತು, ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯದು. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ಓದಲಿಲ್ಲವಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅವಳು ಓದಲೇ ಇಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ಒಂದು ಶನಿವಾರ ಕೆಲಸ ಮುಗಿಸಿ ಬಸ್ಸು ಹಿಡಿದೆ, ಗದ್ವಾಲದಲ್ಲಿ ಇಳಿದು ಇನ್ನೊಂದು ಹತ್ತಿದೆ, ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಜೋಡಿಸಿಕೊಂಡೇ ಹೋದೆ.

ಮರುದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಕ್ಕ ಕೈಕಾಲು ತೊಳೆದು ಕಟ್ಟೆಯ ಮೇಲೆ ಪಾಟಿ ಬಿಚ್ಚಿ ಕೂತಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ಒಂದು ಪುಸ್ತಕ ತೆರೆದಳು. ಮೊದಲ ಹಾಳೆ ನೋಡಿದಳು, ಮುಚ್ಚಿದಳು. ಮುಂದಿನದು ತೆರೆದಳು, ನೋಡಿದಳು, ಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು. ಹೀಗೇ ಇಪ್ಪತ್ತು, ಮೂವತ್ತು. ಒಂದು ಸಾಲೂ ಓದುತ್ತಿರಲಿಲ್ಲ, ಆದರೆ ಒಂದನ್ನೂ ಬಿಡುತ್ತಿರಲಿಲ್ಲ. ಬೈಯಲು ತಂದಿದ್ದ ಮಾತೆಲ್ಲ ಮರೆತು, ಏನು ಮಾಡುತ್ತಿದ್ದೀ ಎಂದು ಕೇಳಿದೆ.

"ಎಲ್ಲಾ ಒಳಗ ಬಂದಾವೋ ಇಲ್ಲೋ ನೋಡಬೇಕಲ್ಲ," ಎಂದಳು ಅಕ್ಕ. "ಉಗಾದಿ ಮುಂದ ಒಂದು ಕೈತಪ್ಪಿ ಎತ್ತಾಗ ಹೋತೋ ಏನೋ, ಎಷ್ಟು ಹುಡುಕಿದ್ರೂ ಸಿಗಲಿಲ್ಲ. ನಿನ್ನವು ಅದಾವ. ಕಳದ್ರ ನಾ ಏನು ಜವಾಬು ಕೊಡಲಿ?"

ಆಗ ನನಗೆ ಎಲ್ಲ ತಿಳಿಯಿತು. ಕುರಿ ಕಾದವರ ಮನೆಯಲ್ಲಿ ಹುಟ್ಟದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಪ್ಪ ಸಂಜೆ ಕುರಿಗಳನ್ನು ಎಣಿಸಿ ಒಳಗೆ ಹಾಕುವವನಲ್ಲ. ಹಟ್ಟಿಯ ಬೇಲಿಗೆ ಒಂದೇ ಕುರಿ ನುಸುಳುವಷ್ಟು ಕಂಡಿ ಬಿಟ್ಟಿರುತ್ತಾನೆ. ಅದರ ಪಕ್ಕ ಕೂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಾನೆ. ಕರಿಮೂತಿಯದು ಬಂತು, ಹರಿದ ಕಿವಿಯದು ಬಂತು, ಕುಂಟಿ ಬಂತು, ಕುಂಟಿಯ ಮರಿ ಬರಲಿಲ್ಲ ಎಂದು ಅವನಿಗೆ ಮುಖದಿಂದಲೇ ತಿಳಿಯುತ್ತದೆ. ಆರು ವರ್ಷ ಅಕ್ಕನೂ ಆ ಕಂಡಿಯ ಪಕ್ಕ ಕೂತವಳು. ಬೇರೆ ಯಾರಾದರೂ ತಮ್ಮ ಕುರಿ ಕಾಯಲು ಬಿಟ್ಟಿದ್ದರೆ ನಮ್ಮವಕ್ಕಿಂತ ಹೆಚ್ಚು ಎಚ್ಚರ. ನಾನು ಅವಳಿಗೆ ಓದಲು ಪುಸ್ತಕ ಕೊಟ್ಟೆ ಎಂದುಕೊಂಡಿದ್ದೆ. ಅವಳು ನನ್ನ ಏಳುನೂರು ಕುರಿ ಕಾಯುತ್ತಿದ್ದಳು. ದಿನಾ ಸಂಜೆ ಏಳುನೂರರ ಮುಖ ನೋಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು, ಪಾಠ ಓದಲು ಉಳಿಯುತ್ತಿದ್ದದ್ದು ಕಾಲುಗಂಟೆ.

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ, ಇವು ಎಲ್ಲಿಗೂ ಹೋಗುವುದಿಲ್ಲ, ಕಾಲಿಲ್ಲ ಇವಕ್ಕೆ ಎಂದೆ. ಅಕ್ಕ ನಗಲಿಲ್ಲ. ಒಂದು ಹೋಗಿತ್ತಲ್ಲ ಎಂದು ಕೇಳಿದಳು. ಯಾವ ಪುಸ್ತಕ ಹೋಗಿತ್ತು ಎಂದು ಕೇಳಿದೆ. ನೀಲಿ ಹಾಳೆಯ ಮೇಲೆ ದೋಣಿ ಇದ್ದದ್ದು ಎಂದಳು. ಅಂಥ ಒಂದು ಪುಸ್ತಕ ನನ್ನ ಹತ್ತಿರ ಇತ್ತು ಎಂಬುದೇ ನನಗೆ ನೆನಪಿರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಪಾಟಿಯನ್ನು ಸರಿಮಾಡಿಸಿಕೊಂಡು ಬರುತ್ತೇನೆಂದು ಹೇಳಿ ತೆಗೆದುಕೊಂಡು ಸೋಮವಾರ ಹೊರಟೆ. ವಾಪಸು ಹೋಗುವಾಗ ತವರಿಗೆ ಹೋದೆ. ಅಪ್ಪ ಹಟ್ಟಿಯ ಹತ್ತಿರ ಬೇಲಿಗೆ ಮುಳ್ಳು ಹೊದಿಸುತ್ತಿದ್ದ. ಅಕ್ಕನ ಕತೆಯನ್ನು ಉಪ್ಪು ಖಾರ ಹಚ್ಚಿ ಅವನಿಗೆ ಹೇಳಿದೆ, ನಗುತ್ತಾನೆ ಎಂದುಕೊಂಡಿದ್ದೆ. ಅವನು ಮುಳ್ಳಿನ ಕೊಂಬೆ ಕೆಳಗಿಟ್ಟು ನನ್ನ ಮುಖ ನೋಡಿದ.

"ಆಕಿದೇನು ತಪ್ಪೈತಿ?" ಎಂದ. "ಗುರ್ತಿಲ್ಲದ ಏಳ್ನೂರು ತಂದು ಒಬ್ಬಾಕಿ ಮ್ಯಾಲ ಬಿಟ್ಟಿ. ನಾನಾದ್ರೂ ಸಂತ್ಯಾಗ ಎರಡಕ್ಕಿಂತ ಹೆಚ್ಚು ಹಿಡದು ತಂದೇನೇನು?"

ಅದು ನನಗೂ ಗೊತ್ತಿದ್ದ ಸಂಗತಿ. ಎಷ್ಟೇ ಒಳ್ಳೆಯ ಕುರಿ ಕಂಡರೂ ಅಪ್ಪ ಒಂದು ಸಲಕ್ಕೆ ಎರಡೇ ಹೊಸ ಕುರಿ ತರುತ್ತಿದ್ದ. ಮನೆಗೆ ತಂದ ಮೇಲೆ ಅವನ್ನು ಗುಂಪಿಗೆ ಬಿಡುತ್ತಿರಲಿಲ್ಲ. ಒಂದೊಂದು ಹೊಸದನ್ನು ಒಂದೊಂದು ಹಳೆಯದರ ಕೊರಳಿಗೆ ಜೋಡಿ ಹಗ್ಗ ಹಾಕಿ ಕಟ್ಟುತ್ತಿದ್ದ. ಹಳೆಯದು ನೀರಿಗೆ ಹೋದರೆ ಹೊಸದೂ ಹೋಗುತ್ತದೆ, ಹಳೆಯದು ಕಂಡಿ ಹೊಕ್ಕರೆ ಹೊಸದೂ ಹೊಗುತ್ತದೆ. ಅದರ ಮುಖ ಅವನಿಗೆ ಗುರುತಾಗಿ, ಹಟ್ಟಿ ಅದಕ್ಕೆ ಗುರುತಾದ ಮೇಲೆ ಹಗ್ಗ ಬಿಚ್ಚುವುದು. ಆಮೇಲೆಯೇ ಮುಂದಿನ ಎರಡು. ಇದನ್ನೆಲ್ಲ ನೋಡಿಯೇ ಬೆಳೆದವಳು ನಾನು. ಆದರೂ ಪುಸ್ತಕದ ವಿಷಯಕ್ಕೆ ಬಂದಾಗ ನೆನಪಾಗಲಿಲ್ಲ, ಪುಸ್ತಕ ಎಂದರೆ ಅಪ್ಪನಿಗಿಂತ ನನಗೆ ಹೆಚ್ಚು ತಿಳಿಯುತ್ತದೆ ಎಂಬ ಸೊಕ್ಕು ಅಡ್ಡ ಬಂದಿತ್ತು. ನಮ್ಮ ಕುಲದೇವರು ಬೀರಪ್ಪನ ಆಣೆ, ಆ ಸಂಜೆ ನನಗೆ ಅಪ್ಪನ ಎದುರು ನಿಲ್ಲಲು ನಾಚಿಕೆಯಾಯಿತು.

ನಾರಾಯಣಪೇಟೆಗೆ ಬಂದು ರಜೆ ಹಾಕಿ ಕೂತೆ. ಏಳುನೂರನ್ನು ತೆಗೆಯುವುದು ಸುಲಭದ ಕೆಲಸವಾಗಿರಲಿಲ್ಲ. ಮೊದಲ ಇಪ್ಪತ್ತಕ್ಕೆ ಜೀವ ಚುರ್ ಎಂದಿತು. ಆಮೇಲೆ ನಾನೂ ಅಕ್ಕನ ಹಾಗೆ ಒಂದೊಂದರ ಮುಖ ನೋಡತೊಡಗಿದೆ. ಹೆಚ್ಚಿನವು ಯಾರೆಂದೇ ನನಗೆ ಗೊತ್ತಿರಲಿಲ್ಲ. ಒಂದೇ ಪುಸ್ತಕ ಮೂರು ಹೆಸರಿನಲ್ಲಿ ಮೂರು ಕಡೆ ಇತ್ತು. ಒಂದು ಪೂರ್ತಿ ಮರಾಠಿಯದು, ನನಗೆ ಮರಾಠಿ ಬರುವುದೇ ಇಲ್ಲ. ಇನ್ನೊಂದು ಯಾವುದೋ ನೀರೆತ್ತುವ ಪಂಪಿನ ಕೈಪಿಡಿ. ಮೂರು ವರ್ಷ ಇವನ್ನು ಹೊತ್ತುಕೊಂಡು ಮೆರೆದಿದ್ದೆನಲ್ಲ ಎಂದು ಒಬ್ಬಳೇ ಕೂತು ನಕ್ಕೆ. ಕಂಪ್ಯೂಟರಿನಲ್ಲಿ ಒಂದು ನಕಲು ಇಟ್ಟುಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಇಟ್ಟುಕೊಂಡ ಮೇಲೆ ಒಂದು ದಿನವೂ ಅದನ್ನು ತೆರೆದು ನೋಡಿಲ್ಲ ಎಂಬುದನ್ನೂ ಹೇಳಬೇಕು.

ಪಾಟಿಯಲ್ಲಿ ನಾಲ್ಕೇ ಬಿಟ್ಟೆ. ಎರಡು ಹೊಸವು, ವಿಜ್ಞಾನ ಮತ್ತು ಲೆಕ್ಕ. ಎರಡು ಹಳೆಯವು, ಒಂದು ಒಗಟಿನ ಪುಸ್ತಕ, ಇನ್ನೊಂದು ಏಳು ಜನ ಅಣ್ಣಂದಿರ ಒಬ್ಬಳೇ ತಂಗಿಯ ಕತೆ. ಅಕ್ಕ ಶಾಲೆಯಲ್ಲಿದ್ದಾಗ ಇವೆರಡನ್ನೂ ಬಾಯಿಪಾಠ ಮಾಡಿದ್ದಳು, ಕುರಿಯ ಹಿಂದೆ ಹೋಗುವಾಗ ನನಗೆ ಹೇಳಿದ್ದಳು. ಮುಂದಿನ ಭಾನುವಾರ ಗಟ್ಟುವಿಗೆ ಹೋಗಿ ಅವಳ ಕೈಗಿಟ್ಟೆ. ವಿಜ್ಞಾನವನ್ನು ಒಗಟಿಗೆ ಕಟ್ಟಿದ್ದೇನೆ, ಲೆಕ್ಕವನ್ನು ಕತೆಗೆ ಕಟ್ಟಿದ್ದೇನೆ, ಹೊಸದರ ಒಂದು ಪಾಠಕ್ಕೆ ಹಳೆಯದರ ಎರಡು ಹಾಳೆ ಎಂದೆ. ಅಕ್ಕನಿಗೆ ಬೇರೆ ವಿವರ ಬೇಕಾಗಲಿಲ್ಲ. ನಾಲ್ಕರ ಮುಖವನ್ನೂ ಒಂದು ಸಲ ನೋಡಿದಳು.

"ಇವು ಸಾಕವ್ವಾ," ಎಂದಳು. "ಇಷ್ಟು ನಾ ಕಾಯ್ತೀನಿ."

ಅವಳು ಓದಿದ ರೀತಿ ನನ್ನ ಕಣ್ಣು ತೆರೆಸಿತು. ಮಧ್ಯಾಹ್ನ ಅಂಗನವಾಡಿಯ ಮಕ್ಕಳು ಮಲಗಿದಾಗ ಒಂದು ಪಾಠ, ಸಂಜೆ ಕಟ್ಟೆಯ ಮೇಲೆ ಅದೇ ಪಾಠ. ತಲೆ ಕೆಟ್ಟಿತು ಅನ್ನಿಸಿದರೆ ಒಗಟಿಗೆ ಹೋಗುತ್ತಿದ್ದಳು, ಗೊತ್ತಿರುವ ಉತ್ತರವನ್ನೇ ಗಟ್ಟಿಯಾಗಿ ಹೇಳಿ ಖುಷಿಪಟ್ಟು ಮತ್ತೆ ವಿಜ್ಞಾನಕ್ಕೆ ಬರುತ್ತಿದ್ದಳು. ವಾರಕ್ಕೊಮ್ಮೆ ಫೋನು ಮಾಡಿ ನನಗೆ ಒಪ್ಪಿಸುತ್ತಿದ್ದಳು. ಎಲೆ ಆಹಾರ ಮಾಡುವ ಪಾಠದ ಹಿಂದೆ ರಕ್ತದ ಪಾಠ ಬರುತ್ತದೆ, ಅದರ ಹಿಂದೆ ಉಸಿರಿನದು, ಹೀಗೆ ಸಾಲಾಗಿ ಹೇಳುತ್ತಿದ್ದಳು. ನಡುವೆ ಒಂದು ಬಿಟ್ಟರೆ ತಾನೇ ತಡೆದು, ಒಂದು ಬರಲಿಲ್ಲ ಎಂದು ಹಿಂದಕ್ಕೆ ಹೋಗಿ ಅದನ್ನು ಹುಡುಕಿ ತರುತ್ತಿದ್ದಳು. ಎರಡು ತಿಂಗಳಾದ ಮೇಲೆ, ವಿಜ್ಞಾನ ಈಗ ಹಳೆಯದಾಗಿದೆ, ಹಗ್ಗ ಬಿಚ್ಚು ಎಂದು ಅವಳೇ ಹೇಳಿದಳು. ಆಗ ಸಮಾಜವನ್ನು ತಂದು ವಿಜ್ಞಾನಕ್ಕೇ ಕಟ್ಟಿದೆವು. ಅಲ್ಲಿಗೆ ಐದು. ಕೊನೆಯವರೆಗೂ ಐದೇ.

ಆ ವರ್ಷವೇ ನಾರಾಯಣಪೇಟೆ ಹೊಸ ಜಿಲ್ಲೆಯಾಗಿತ್ತು, ಗದ್ವಾಲ ಅದಕ್ಕೂ ಮೊದಲೇ ಆಗಿತ್ತು. ಅಕ್ಕ ಒಂದು ಜಿಲ್ಲೆ, ನಾನು ಒಂದು ಜಿಲ್ಲೆ. ಕಚೇರಿಯಲ್ಲಿ ಹೊಸ ಫಲಕ, ಹೊಸ ಮೊಹರು, ಹೊಸ ಕಡತಗಳು ಎಂದು ನನಗೆ ತಲೆ ಎತ್ತಲು ಬಿಡುವಿರಲಿಲ್ಲ. ಆದರೂ ಪರೀಕ್ಷೆಯ ಮೂರು ದಿನ ಯಾರ ಮಾತೂ ಕೇಳದೆ ರಜೆ ಹಾಕಿದೆ. ಕನ್ನಡ ಮಾಧ್ಯಮವೆಂದು ಅಕ್ಕನ ಕೇಂದ್ರ ನಾನಿದ್ದ ನಾರಾಯಣಪೇಟೆಯಲ್ಲೇ ಬಿದ್ದಿತ್ತು. ಬೆಳಿಗ್ಗೆ ನಮ್ಮ ಓಣಿಯ ಮಗ್ಗಗಳು ಶುರುವಾಗುವ ಮೊದಲೇ ಎದ್ದು ಸ್ನಾನ ಮಾಡಿ ತಯಾರಾಗಿದ್ದಳು. ಗೇಟಿನ ಹತ್ತಿರ ಹುಡುಗ ಹುಡುಗಿಯರು ದಪ್ಪ ದಪ್ಪ ಗೈಡುಗಳಲ್ಲಿ ಮೂಗು ಹುದುಗಿಸಿಕೊಂಡು ಕೊನೆಯ ಗಳಿಗೆಯಲ್ಲಿ ಗಬಗಬ ಓದುತ್ತಿದ್ದರು. ಅಲ್ಲಿ ನಿಂತಿದ್ದವರೊಬ್ಬರು, ಮಗಳನ್ನು ಬಿಡಲು ಬಂದಿರಾ ಎಂದು ಅಕ್ಕನನ್ನು ತೆಲುಗಿನಲ್ಲಿ ಕೇಳಿದರು. ಪರೀಕ್ಷೆ ತನ್ನದೇ ಎಂದು ಅಕ್ಕ ತೆಲುಗಿನಲ್ಲೇ ಹೇಳಿ, ಬರಿಗೈಯಲ್ಲಿ ಒಂದು ಪೆನ್ನು ಹಿಡಿದು ಒಳಗೆ ನಡೆದಳು.

ಹೊರಗೆ ಬೇವಿನ ಮರದ ಕೆಳಗೆ ನಾನು ಕೂತಿದ್ದೆ. ನನ್ನ ಯಾವ ಪರೀಕ್ಷೆಗೂ ನಾನು ಅಷ್ಟು ಹೆದರಿದ್ದಿಲ್ಲ. ಮೂರನೆಯ ದಿನ ಲೆಕ್ಕದ ಪರೀಕ್ಷೆ, ಎಲ್ಲರಿಗಿಂತ ಕೊನೆಗೆ ಅಕ್ಕ ಬಂದಳು. ಹೇಗಾಯಿತು ಎಂದು ನಾನು ಕೇಳುವ ಮೊದಲೇ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, ಎರಡು ಪ್ರಶ್ನೆ ಮಾತ್ರ ಪರದೇಶಿ, ಉಳಿದವೆಲ್ಲ ಗುರುತಿನ ಮುಖವೇ ಬಂದವು ಎಂದಳು. ಮೂರು ದಿನದಲ್ಲಿ ಮೊದಲ ಸಲ ನನಗೆ ಹಸಿವಾಯಿತು. ಇಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿಬಜ್ಜಿ ತಿಂದೆವು, ಎರಡೆರಡು ಪ್ಲೇಟು.

ಫಲಿತಾಂಶ ಬಂದ ದಿನ ಕಚೇರಿಯ ಕಂಪ್ಯೂಟರಿನಲ್ಲಿ ನಾನೇ ನೋಡಿದೆ. ಸಮಾಜ ಐವತ್ತೆಂಟು, ವಿಜ್ಞಾನ ಅರವತ್ತೊಂದು, ಲೆಕ್ಕ ನಲವತ್ತೆರಡು. ಎಲ್ಲದರಲ್ಲೂ ಪಾಸು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, ನಮ್ಮಕ್ಕ ಗೆದ್ದಳು ಎಂದು ಇಡೀ ವಿಭಾಗಕ್ಕೆ ಕೇಳುವಂತೆ ಕೂಗಿದೆ. ಸಾಹೇಬರು ಚೇಂಬರಿನಿಂದ ಹೊರಗೆ ಬಂದು ನೋಡಿದರು. ವಿಷಯ ತಿಳಿದ ಮೇಲೆ ಅವರೇ ಚಹಾ ತರಿಸಿದರು. ಎಷ್ಟು ಪುಸ್ತಕ ಓದಿದಳಮ್ಮ ನಿಮ್ಮಕ್ಕ ಎಂದು ಯಾರೋ ಕೇಳಿದರು, ಐದು ಎಂದೆ. ಹಿಂದೆ ಏಳುನೂರು ಎನ್ನುವಾಗ ಇಲ್ಲದ ಗತ್ತು ಆಗ ನನ್ನ ದನಿಯಲ್ಲಿತ್ತು.

ಟೀಚರಮ್ಮ ನಿವೃತ್ತರಾದರು. ವಯಸ್ಸಿನ ಮಿತಿಗೆ ಇನ್ನೂ ಎರಡು ತಿಂಗಳು ಇರುವಾಗ ಅಕ್ಕನ ಕೈಗೆ ನೇಮಕದ ಕಾಗದ ಬಂತು. ಅದನ್ನು ನೋಡಲೆಂದೇ ನಾನು ಹೋದೆ. ನಾನು ತಲುಪುವಷ್ಟರಲ್ಲಿ ಅಪ್ಪ ಆಗಲೇ ಬಂದು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದ. ನನಗೆ ನಂಬಲಾಗಲಿಲ್ಲ. ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ ಅಪ್ಪ ಒಂದು ಹೊತ್ತು ಹೊರಗೆ ಉಳಿದವನಲ್ಲ. ನಮ್ಮಿಬ್ಬರ ಮದುವೆಯಲ್ಲೂ ತಾಳಿ ಕಟ್ಟಿದ ಕೂಡಲೇ ಹಟ್ಟಿಗೆ ಹೊರಟು ನಿಂತವನು.

ಅಕ್ಕ ಎದುರು ಕೂತು ಕಾಗದ ಓದಿದಳು. ಅದು ತೆಲುಗಿನಲ್ಲಿತ್ತು, ಅವಳು ಸರಾಗವಾಗಿ ಕನ್ನಡ ಮಾಡಿಕೊಂಡು ಓದಿದಳು. ತನ್ನ ಹೆಸರು, ಅಪ್ಪನ ಹೆಸರು, ಹತ್ತನೇ ತರಗತಿ ತೇರ್ಗಡೆ, ಟೀಚರಾಗಿ ನೇಮಕ. ಅಪ್ಪ ಇನ್ನೊಮ್ಮೆ ಓದು ಎಂದ. ಓದಿದಳು. ಹತ್ತನೆಯದರ ಸಾಲು ಮಾತ್ರ ಮತ್ತೊಮ್ಮೆ ಓದು ಎಂದ. ಅದನ್ನೂ ಓದಿದಳು. ನಮ್ಮಪ್ಪ ತನ್ನ ತಪ್ಪು ಒಪ್ಪಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಆವತ್ತು ನಿನ್ನ ಸಾಲಿ ಬಿಡಿಸಿದ್ದು ತಪ್ಪಾತು, ತಾಯಿ," ಎಂದ.

ನಾನು ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ. ಕಾಗದವನ್ನು ಮಡಿಚಿ ಅಪ್ಪನ ಕೈಯಲ್ಲಿಟ್ಟು, ಅವನ ಕೈ ಮೇಲೆ ತನ್ನ ಕೈ ಇಟ್ಟಳು.

"ಇರ್ಲಿ ಬಿಡಪ್ಪಾ," ಎಂದಳು. "ಮುಗಿಸಿ ಬಂದೀನಲ್ಲ."